ಬಾಚಿದರೆ ಹೋಗದ ಸುಳಿ

ಎತ್ತು ಕೊಳ್ಳಲು ಜಾತ್ರೆಗೆ ಹೋದ ರೈತ ಮೊದಲು ಹಲ್ಲು ನೋಡುತ್ತಾನೆ. ಅನಂತರ ಸುಳಿ ನೋಡುತ್ತಾನೆ. ಹಣೆಯಲ್ಲಿ, ಬೆನ್ನಿನಲ್ಲಿ, ಕೊರಳ ಕೆಳಗೆ ಕೂದಲು ಎಲ್ಲೆಲ್ಲಿ ತಿರುವಿಕೊಂಡಿದೆ ಎಂಬುದನ್ನು ಬೆರಳಾಡಿಸಿ ಎಣಿಸುತ್ತಾನೆ. ಮಾರುವವನು ಮೈ ತಿಕ್ಕಿ, ಎಣ್ಣೆ ಸವರಿ, ಎಷ್ಟೇ ನಯವಾಗಿ ಬಾಚಿ ನಿಲ್ಲಿಸಿದ್ದರೂ ಸುಳಿಯನ್ನು ಅಳಿಸಲಾರ. ಸುಳಿಗಳಿಗೆ ಶುಭಾಶುಭ ಫಲ ಹೇಳುವ ಶಾಸ್ತ್ರದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಸುಳಿ ಬಾಚಿ ಹೋಗಲಾಡಿಸುವಂಥದಲ್ಲ, ಎಣಿಸಬಹುದಾದಂಥದು ಎಂಬ ಆ ರೈತನ ತಿಳಿವಳಿಕೆ ಇಪ್ಪತ್ತನೆಯ ಶತಮಾನದ ಗಣಿತದ ಒಂದು ದೊಡ್ಡ ಶಾಖೆಯ ಹೊಸ್ತಿಲಲ್ಲೇ ನಿಂತಿದೆ. ಆ ಗಣಿತಕ್ಕೂ ಬೆಂಗಳೂರಿನ ಹೊರ ಅಂಚಿನ ಜಾಲಹಳ್ಳಿಗೂ ಇರುವ ನಂಟಿನ ವಿಷಯವಾಗಿ ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕನ್ನಡದ ಅಧ್ಯಾಪಕನಿಗೆ ಈ ಅಧಿಕಪ್ರಸಂಗವೇಕೆ ಎಂದು ಕೇಳುಗರು ಕೇಳಬಹುದು. ಒಂದು ಪದದ ವಿಷಯದಲ್ಲಿ ನಾನು ಮಾಡಿದ ತಪ್ಪೇ ಇದಕ್ಕೆ ಕಾರಣ.

ನಾನು ಮೂವತ್ತು ವರ್ಷಕ್ಕೂ ಮಿಗಿಲಾಗಿ ಪಾಠ ಹೇಳಿದ್ದು ತುಮಕೂರು ರಸ್ತೆಯ ಬದಿಯ ಒಂದು ಕಾಲೇಜಿನಲ್ಲಿ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳು. 1996ರ ಫೆಬ್ರವರಿಯಲ್ಲಿ, ವಿಜ್ಞಾನ ದಿನದ ಪ್ರದರ್ಶನಕ್ಕೆಂದು, ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರು ಇಂಗ್ಲಿಷಿನ ಕೆಲವು ಪುಟಗಳನ್ನು ನನ್ನ ಮುಂದಿಟ್ಟು, ಹುಡುಗರಿಗೆ ತಿಳಿಯುವ ಕನ್ನಡಕ್ಕೆ ಇಳಿಸಿಕೊಡಬೇಕೆಂದರು. ವಿಷಯ, ದ್ರವಸ್ಫಟಿಕ. 'ಡಿಫೆಕ್ಟ್' ಎಂಬ ಮಾತು ಅದರಲ್ಲಿ ಹೆಜ್ಜೆಹೆಜ್ಜೆಗೂ ಬರುತ್ತಿತ್ತು. ಪೀಣ್ಯದಲ್ಲಿ ಡಿಫೆಕ್ಟ್ ಎಂದರೇನೆಂದು ಎಳೆಯ ಮಕ್ಕಳಿಗೂ ಗೊತ್ತು: ಅಳತೆಗೆ ಬಾರದೆ ಪಕ್ಕಕ್ಕೆ ಬಿದ್ದ ಮಾಲು, ಸಂಜೆ ಅಪ್ಪನ ಮುಖ ಬಾಡಿರುವುದಕ್ಕೆ ಕಾರಣ. ನಾನು ಹಿಂದುಮುಂದು ನೋಡದೆ 'ದೋಷ' ಎಂದು ಬರೆದೆ. ನಲವತ್ತು ಕಡೆ ಬರೆದಿರಬೇಕು. ಕಿರುಹೊತ್ತಗೆ ಅಚ್ಚೂ ಆಯಿತು.

ಪ್ರದರ್ಶನ ಮುಗಿದ ಮೇಲೆ, ಜಾಲಹಳ್ಳಿಯ ದ್ರವಸ್ಫಟಿಕ ಸಂಶೋಧನ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಪರಿಚಿತರೊಬ್ಬರು ಅದನ್ನು ಓದಿ, "ಮೇಷ್ಟ್ರೇ, ಕನ್ನಡವೇನೋ ಸೊಗಸಾಗಿದೆ. ಆದರೆ ದೋಷ ಅಂತ ಬರೆದಿದ್ದೀರಲ್ಲ, ಅದು ಯಾರ ದೋಷ? ನಾಳೆ ಒಂದು ಗಳಿಗೆ ಬನ್ನಿ, ತೋರಿಸುತ್ತೇನೆ" ಎಂದರು.

ಹೋದೆ. ಎರಡು ಗಾಜಿನ ಚೂರುಗಳ ನಡುವೆ ಒಂದು ಹನಿಯಷ್ಟು ಮಬ್ಬುದ್ರವ. ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದರೆ ಬಣ್ಣಬಣ್ಣದ ನೆಲದ ಮೇಲೆ ಕಪ್ಪು ಕುಂಚದಿಂದ ಎಳೆದಂತೆ ಪಟ್ಟೆಗಳು; ಅವು ಅಲ್ಲಲ್ಲಿ ಒಂದು ಚುಕ್ಕೆಯಲ್ಲಿ ಕೂಡುತ್ತಿದ್ದವು. ಕೆಲವು ಚುಕ್ಕೆಗಳಲ್ಲಿ ನಾಲ್ಕು ಪಟ್ಟೆ, ಕೆಲವರಲ್ಲಿ ಎರಡೇ. ಬೆಳಕನ್ನು ಸೋಸುವ ಎರಡು ಫಲಕಗಳನ್ನು ಅವರು ಒಟ್ಟಿಗೆ ತಿರುಗಿಸಿದರು. ಪಟ್ಟೆಗಳೆಲ್ಲ ಗಾಳಿಪಟದ ಬಾಲದಂತೆ ಸುತ್ತಿದವು. ಚುಕ್ಕೆಗಳು ಮಾತ್ರ ಇದ್ದಲ್ಲೇ ಇದ್ದವು. ಹನಿಯನ್ನು ಕಾಯಿಸಿದಾಗ ಎಲ್ಲವೂ ಕಪ್ಪಾಯಿತು. ಆರಿದಾಗ ಚುಕ್ಕೆಗಳು ಮರಳಿ ಬಂದವು, ಬೇರೆ ಬೇರೆ ಜಾಗದಲ್ಲಿ. ನೋಡನೋಡುತ್ತಿದ್ದಂತೆ ಎರಡು ಚುಕ್ಕೆಗಳು ಒಂದನ್ನೊಂದು ಸಮೀಪಿಸಿ, ಕೂಡಿ, ಎರಡೂ ಇಲ್ಲವಾದವು. "ಎಲ್ಲಿ ಹುಟ್ಟುತ್ತದೆ ಎಂದು ಹೇಳಲಾರೆ. ಹುಟ್ಟಿದ್ದನ್ನು ಒಂಟಿಯಾಗಿ ಅಳಿಸಲೂ ಆರೆ. ವಿರುದ್ಧ ಜಾತಿಯ ಜೊತೆ ಸಿಕ್ಕರೆ ಎರಡೂ ಹೋಗುತ್ತವೆ. ಇದಕ್ಕೆ ದೋಷ ಅನ್ನುತ್ತೀರಾ?" ಎಂದು ಅವರು ಕೇಳಿದರು. ನನ್ನ ಬಾಯಲ್ಲಿ ತಾನಾಗಿ ಬಂದ ಮಾತು, ಸುಳಿ. ಅಷ್ಟರಲ್ಲಿ ಹೊತ್ತಗೆ ಹಂಚಿ ಆಗಿತ್ತು.

ಈ ವಿಚಿತ್ರ ದ್ರವದ ಚರಿತ್ರೆ 1888ಕ್ಕೆ ಹೋಗುತ್ತದೆ. ಫ್ರೀಡ್ರಿಖ್ ರೈನಿಟ್ಸರ್ ಎಂಬ ಆಸ್ಟ್ರಿಯದ ಸಸ್ಯವಿಜ್ಞಾನಿ ಕೊಲೆಸ್ಟರಾಲಿನಿಂದ ಪಡೆದ ಒಂದು ವಸ್ತುವನ್ನು ಕಾಯಿಸಿದಾಗ ಅದು ಎರಡು ಸಲ ಕರಗಿತು: 145.5 ಡಿಗ್ರಿಯಲ್ಲಿ ಮಬ್ಬುದ್ರವವಾಯಿತು, 178.5 ಡಿಗ್ರಿಯಲ್ಲಿ ತಿಳಿಯಾಯಿತು. ನಡುವಣ ಮಬ್ಬುಸ್ಥಿತಿ ಏನೆಂದು ತಿಳಿಯದೆ ಅವನು ಜರ್ಮನಿಯ ಆಟೊ ಲೇಮನ್‌ಗೆ ಬರೆದ. ದ್ರವದಂತೆ ಹರಿಯುತ್ತ ಸ್ಫಟಿಕದಂತೆ ಬೆಳಕನ್ನು ಒಡೆಯುವ ವಸ್ತು ಉಂಟೆಂದು ಲೇಮನ್ ಸಾರಿದ, ಹಲವರು ನಂಬಲಿಲ್ಲ. ಅದರೊಳಗೆ ಕಡ್ಡಿಯಂಥ ಉದ್ದನೆಯ ಅಣುಗಳು ಸ್ಥಾನ ಬದಲಿಸುತ್ತಲೇ ಇದ್ದರೂ, ಸುಗ್ಗಿಯ ಕಾಲದಲ್ಲಿ ಗಾಳಿಗೆ ಬಾಗಿದ ಭತ್ತದ ಪೈರಿನಂತೆ, ನೆರೆಯವರೊಡನೆ ಒಂದೇ ದಿಕ್ಕಿಗೆ ಒರಗಿರುತ್ತವೆ. ಫ್ರಾನ್ಸಿನ ಜಾರ್ಜ್ ಫ್ರೀಡೆಲ್ 1922ರಲ್ಲಿ ಇವುಗಳಲ್ಲಿ ಒಂದು ಬಗೆಗೆ 'ನೆಮ್ಯಾಟಿಕ್' ಎಂದು ಹೆಸರಿಟ್ಟ. ಗ್ರೀಕಿನಲ್ಲಿ 'ನೆಮ' ಎಂದರೆ ನೂಲು. ಸೂಕ್ಷ್ಮದರ್ಶಕದಲ್ಲಿ ಅವನಿಗೆ ಕಂಡ ನೂಲೆಳೆಗಳೇ ಈ ಹೆಸರಿಗೆ ಕಾರಣ. ಆ ಎಳೆಗಳಾದರೋ ಸುಳಿಗಳೇ: ಚುಕ್ಕೆಯಾಗಿ ನಿಲ್ಲದೆ ಗೆರೆಯಾಗಿ ಚಾಚಿಕೊಂಡ ಸುಳಿಗಳು. ಎಂದರೆ, ವಸ್ತುವಿಗೆ ಹೆಸರು ಬಂದದ್ದೇ ನಾನು ದೋಷವೆಂದು ಕರೆದುದರಿಂದ!

ಬೆಂಗಳೂರಿಗೆ ಈ ವಿದ್ಯೆಯನ್ನು ತಂದವರು ಶಿವರಾಮಕೃಷ್ಣ ಚಂದ್ರಶೇಖರ್ ಅವರು. ನಕ್ಷತ್ರಗಳ ಅಧ್ಯಯನಕ್ಕೆ ಹೆಸರಾದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಬೇರೆ, ಇವರು ಬೇರೆ. ಅವರು ಸರ್ ಸಿ. ವಿ. ರಾಮನ್ ಅವರ ಅಣ್ಣನ ಮಗ, ಇವರು ತಂಗಿಯ ಮಗ. 1930ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ, ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಸೋದರಮಾವನ ಬಳಿಯೇ ಸಂಶೋಧನೆ ಆರಂಭಿಸಿ, ಕೇಂಬ್ರಿಜ್‌ನಲ್ಲಿ ಮುಂದುವರಿಸಿ, 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರಾದರು. ದ್ರವಸ್ಫಟಿಕಗಳ ಕಡೆಗೆ ಅವರ ಒಲವು ತಿರುಗಿದ್ದು ಮೈಸೂರಿನಲ್ಲಿ. ನಾನು 1980ರ ದಶಕದ ಆರಂಭದಲ್ಲಿ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಅವರು ಅಲ್ಲಿಂದ ಹೊರಟು ಹತ್ತು ವರ್ಷವಾಗಿತ್ತು. ಭೌತಶಾಸ್ತ್ರದ ಕಟ್ಟಡದ ಮುಂದೆ ಎಷ್ಟೋ ಸಲ ನಡೆದಿದ್ದೇನೆ, ಪಂಪನ ಯಾವುದೋ ಪದ್ಯಕ್ಕೆ ಅನ್ವಯ ಹುಡುಕುತ್ತ. ಒಳಗೆ ಏನು ನಡೆದಿತ್ತೆಂದು ಕೇಳುವ ಕುತೂಹಲ ಹುಟ್ಟಲಿಲ್ಲ. ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಕಟ್ಟಡಗಳ ನಡುವಣ ದಾರಿ ಎಷ್ಟು ಕಿರಿದೋ ಮನಸ್ಸುಗಳ ನಡುವಣ ದಾರಿ ಅಷ್ಟು ದೂರ.

1971ರಲ್ಲಿ ಅವರು ರಾಮನ್ ಸಂಸ್ಥೆಗೆ ಮರಳಿ ದ್ರವಸ್ಫಟಿಕ ಪ್ರಯೋಗಾಲಯವನ್ನು ಕಟ್ಟಿದರು. 1973, 1979 ಮತ್ತು 1982ರಲ್ಲಿ ಈ ವಿಷಯದ ಅಂತಾರಾಷ್ಟ್ರೀಯ ಸಮ್ಮೇಳನಗಳು ಬೆಂಗಳೂರಿನಲ್ಲಿ ನಡೆದವು. 1977 ಅವರ ಪಾಲಿಗೆ ಮಹತ್ತ್ವದ ವರ್ಷ. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಮುದ್ರಣಾಲಯ ಅವರ 'ಲಿಕ್ವಿಡ್ ಕ್ರಿಸ್ಟಲ್ಸ್' ಗ್ರಂಥವನ್ನು ಪ್ರಕಟಿಸಿತು. ಅದೇ ವರ್ಷ ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಡನೆ ಸೇರಿ 'ಪ್ರಮಾಣ' ಎಂಬ ಬೆಂಗಳೂರಿನ ಪತ್ರಿಕೆಯಲ್ಲೇ ಹೊಸತೊಂದು ಸಂಗತಿಯನ್ನು ಅವರು ಸಾರಿದರು. ಅಲ್ಲಿಯವರೆಗೆ ದ್ರವಸ್ಫಟಿಕವಾಗಲು ಅಣು ಕಡ್ಡಿಯಂತಿರಬೇಕು ಎಂಬುದು ಎಲ್ಲರ ಗ್ರಹಿಕೆ. ಬಿಲ್ಲೆಯಂಥ ಅಣುಗಳೂ, ಒಂದರ ಮೇಲೊಂದು ಪೇರಿಸಿದ ನಾಣ್ಯಗಳಂತೆ ಕಂಬಕಂಬವಾಗಿ ನಿಂತು, ದ್ರವಸ್ಫಟಿಕವಾಗಬಲ್ಲವೆಂದು ಈ ಮೂವರು ತೋರಿಸಿದರು. 1986ರಲ್ಲಿ ಚಂದ್ರಶೇಖರ್ ಮತ್ತು ಜಿ. ಎಸ್. ರಂಗನಾಥ್ ಅವರು ಸುಳಿಗಳ ರಚನೆಯನ್ನೂ ಅವುಗಳಿಗೆ ತಗಲುವ ಶಕ್ತಿಯನ್ನೂ ಕುರಿತು ದೀರ್ಘವಾದೊಂದು ಸಮೀಕ್ಷೆಯನ್ನು ಬರೆದರು. ನಿವೃತ್ತಿಯ ಬಳಿಕ, 1991ರಲ್ಲಿ, ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಜಾಲಹಳ್ಳಿಯಲ್ಲಿ ಒದಗಿಸಿದ ಜಾಗದಲ್ಲಿ ಅವರು ಹೊಸ ಕೇಂದ್ರವನ್ನು ಆರಂಭಿಸಿದರು. ನಾನು ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದ್ದು ಅಲ್ಲಿಯೇ.

ಇನ್ನು ಗಣಿತದ ಮಾತು. ನಿಂತಲ್ಲೇ ನಿಂತು ಕೈ ಚಾಚಿ ಬೆರಳು ತೋರಿಸಬಹುದಾದ ದಿಕ್ಕುಗಳನ್ನೆಲ್ಲ ಒಟ್ಟುಗೂಡಿಸಿದರೆ ಒಂದು ಗೋಳವಾಗುತ್ತದೆ. ಈಗ ದ್ರವದೊಳಗಿನ ಒಂದು ಸುಳಿಚುಕ್ಕೆಯನ್ನು ಪುಟ್ಟ ಗೋಳವೊಂದರಿಂದ ಮನಸ್ಸಿನಲ್ಲೇ ಸುತ್ತುವರಿಯಿರಿ. ಆ ಗೋಳದ ಒಂದೊಂದು ಬಿಂದುವಿನಲ್ಲೂ ಅಣು ಒಂದೊಂದು ದಿಕ್ಕು ತೋರುತ್ತಿದೆ. ಅಲ್ಲಿಗೆ ಒಂದು ಗೋಳದ ಪ್ರತಿಬಿಂದುವಿಗೆ ಇನ್ನೊಂದು ಗೋಳದ ಒಂದು ಬಿಂದು ಜೊತೆಯಾಯಿತು. ಮೊದಲ ಗೋಳವನ್ನು ಹಿಗ್ಗುವ ಬಟ್ಟೆಯಂತೆ ಎರಡನೆಯದಕ್ಕೆ ಹೊದಿಸಿದ ಹಾಗೆ. ಆ ಹೊದಿಕೆ ಎಷ್ಟು ಸುತ್ತು ಬಂದಿದೆ? ಡಚ್ ಗಣಿತಜ್ಞ ಬ್ರೌವರ್ 1912ರ ಸುಮಾರಿಗೆ ಈ ಸುತ್ತನ್ನು ಎಣಿಸುವ ಕ್ರಮವನ್ನು ಹೇಳಿದ. ಉತ್ತರ ಯಾವಾಗಲೂ ಪೂರ್ಣಾಂಕ: ಸೊನ್ನೆ, ಒಂದು, ಎರಡು, ಅಥವಾ ಹಿಮ್ಮುಖವಾಗಿ ಸುತ್ತಿದ್ದರೆ ಋಣ ಒಂದು. ಒಂದೂವರೆ ಸುತ್ತು ಎಂಬುದಿಲ್ಲ. ಹರಿಯದೆ, ಹೊಲಿಯದೆ, ಬಟ್ಟೆಯನ್ನು ಎಷ್ಟೇ ಎಳೆದಾಡಿದರೂ ಈ ಅಂಕಿ ಬದಲಾಗುವುದಿಲ್ಲ. ಹೀಗೆ ಎಳೆದಾಡಿ ಒಂದನ್ನು ಇನ್ನೊಂದಾಗಿ ಮಾರ್ಪಡಿಸುವುದಕ್ಕೆ ಹೋಮೊಟೊಪಿ ಎಂದು ಹೆಸರು. ಸುತ್ತಿನ ಸಂಖ್ಯೆ ಒಂದೇ ಆಗಿದ್ದರೆ ಒಂದು ಹೊದಿಕೆಯನ್ನು ಇನ್ನೊಂದಾಗಿ ಮಾರ್ಪಡಿಸಲು ಖಂಡಿತ ಸಾಧ್ಯ ಎಂಬುದನ್ನು 1920ರ ದಶಕದಲ್ಲಿ ಹೈನ್ಸ್ ಹಾಪ್ಫ್ ಎಲ್ಲ ಆಯಾಮದ ಗೋಳಗಳಿಗೂ ಅನ್ವಯಿಸುವಂತೆ ಸಾಧಿಸಿದ. ಅನಂತ ಬಗೆಯ ಹೊದಿಕೆಗಳಿಗೆ ಒಂದೇ ಒಂದು ಅಂಕಿ ಸಂಪೂರ್ಣ ಗುರುತಾಯಿತು.

ಗೋಳಗಳ ಮೇಲಣ ಜ್ಯಾಮಿತಿ ಚಂದ್ರಶೇಖರ್ ಅವರ ಮನೆತನಕ್ಕೆ ಹೊಸದಲ್ಲವೆಂದು ನಡುವೆ ಹೇಳಬೇಕು. ಅವರ ತಮ್ಮ ಪಂಚರತ್ನಂ 1956ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ರಾಮನ್ ಸಂಸ್ಥೆಯಲ್ಲಿ ಕುಳಿತು, ಧ್ರುವೀಕೃತ ಬೆಳಕಿನ ಸ್ಥಿತಿಗಳನ್ನು ಗೋಳವೊಂದರ ಮೇಲೆ ಗುರುತಿಸಿ, ಅಲ್ಲಿ ಒಂದು ಸುತ್ತು ಬಂದ ಬೆಳಕು ಆ ಸುತ್ತು ಆವರಿಸಿದ ವಿಸ್ತೀರ್ಣದ ನೆನಪನ್ನು ಹೊತ್ತು ಮರಳುತ್ತದೆ ಎಂದು ತೋರಿಸಿದರು. ಅದರ ಬೆಲೆ ಲೋಕಕ್ಕೆ ತಿಳಿದದ್ದು 1984ರಲ್ಲಿ ಇಂಗ್ಲೆಂಡಿನ ಮೈಕೇಲ್ ಬೆರಿ ಬೇರೊಂದು ದಾರಿಯಿಂದ ಅದೇ ಬಗೆಯ ಸತ್ಯಕ್ಕೆ ಬಂದ ಮೇಲೆ. ಪಂಚರತ್ನಂ 1969ರಲ್ಲಿಯೇ, ಮೂವತ್ತೈದನೆಯ ವಯಸ್ಸಿನಲ್ಲಿ, ಆಕ್ಸ್‌ಫರ್ಡಿನಲ್ಲಿ ತೀರಿಕೊಂಡಿದ್ದರು.

ಹಾಪ್ಫನ ಅಂಕಿಯನ್ನು ದ್ರವಸ್ಫಟಿಕಕ್ಕೆ ನೇರವಾಗಿ ಹಚ್ಚಲು ಬರುವುದಿಲ್ಲ. ಏಕೆಂದರೆ ಅಲ್ಲಿ ಒಂದು ಸಮಮಿತಿಯುಂಟು: ಕಡ್ಡಿಗೆ ತಲೆ ಬಾಲಗಳ ಭೇದವಿಲ್ಲ. ತಲೆಕೆಳಗು ಮಾಡಿದರೂ ಅದು ಅದೇ ಕಡ್ಡಿ. 1976ರ ಆಸುಪಾಸಿನಲ್ಲಿ ಫ್ರಾನ್ಸಿನ ತುಲೂಸ್ ಮತ್ತು ಕ್ಲೆಮಾನ್, ರಷ್ಯದ ವೊಲೊವಿಕ್ ಮತ್ತು ಮಿನೆಯೆವ್ ಇದನ್ನು ಲೆಕ್ಕಕ್ಕೆ ತೆಗೆದುಕೊಂಡು ಸುಳಿಗಳನ್ನು ಹೋಮೊಟೊಪಿಯಿಂದ ವರ್ಗೀಕರಿಸಿದರು. ಫಲಿತಾಂಶ ಸೋಜಿಗದ್ದು. ಒಂದು ಸುಳಿಗೆರೆಯನ್ನು ಪ್ರದಕ್ಷಿಣೆ ಬರುವಾಗ ಕಡ್ಡಿಗಳು ಪೂರ್ತಿ ಒಂದು ಸುತ್ತು ತಿರುಗಿದ್ದರೆ ಆ ಸುಳಿ ಗಟ್ಟಿಯಲ್ಲ. ಕಡ್ಡಿಗಳು ಮೆಲ್ಲನೆ ಗೆರೆಯ ದಿಕ್ಕಿಗೇ ಎದ್ದು ನಿಂತು ಸುಳಿಯನ್ನು ಕರಗಿಸಿಬಿಡುತ್ತವೆ. ಅರ್ಧ ಸುತ್ತು ಮಾತ್ರ ತಿರುಗಿದ್ದರೆ ತಲೆ ಇದ್ದಲ್ಲಿ ಬಾಲ ಬಂದಿರುತ್ತದೆ; ಭೇದವಿಲ್ಲದ್ದರಿಂದ ಹೊಂದಿಕೊಳ್ಳುತ್ತದೆ; ಈ ಸುಳಿ ಮಾತ್ರ ಏನು ಮಾಡಿದರೂ ಹೋಗದು. ಇಡಿಯದು ಅಳಿಯುತ್ತದೆ, ಅರ್ಧದ್ದು ಉಳಿಯುತ್ತದೆ! ಎರಡು ಅರ್ಧಗಳು ಕೂಡಿದರೆ ಎರಡೂ ಕರಗುತ್ತವೆ. ಆದ್ದರಿಂದ ಗೆರೆಸುಳಿಗಳ ಲೆಕ್ಕದಲ್ಲಿ 'ಇದೆ', 'ಇಲ್ಲ' ಎಂಬ ಎರಡೇ ಅಂಕಿ.

ಚುಕ್ಕೆಸುಳಿಗಳ ಲೆಕ್ಕ ಬೇರೆ. ಅಲ್ಲಿ ಕಡ್ಡಿಗಳು ಒಂದು ನಡುವಿನಿಂದ ಎಲ್ಲ ಕಡೆಗೂ ಕೆದರಿ ನಿಂತಿರುತ್ತವೆ. ಪಶ್ಚಿಮದವರು ಇದಕ್ಕೆ ಮುಳ್ಳಿನ ಪ್ರಾಣಿಯೊಂದರ ಹೆಸರಿಟ್ಟಿದ್ದಾರೆ. ನನಗಾದರೋ ಕದಂಬದ ಹೂವು ನೆನಪಾಗುತ್ತದೆ. ಇವುಗಳಿಗೆ ಪೂರ್ಣಾಂಕದ ಗುರುತುಂಟು, ಆದರೆ ಧನ ಋಣಗಳ ಭೇದ ನಿಲ್ಲುವುದಿಲ್ಲ. ಕದಂಬವೊಂದನ್ನು ಅರ್ಧಸುತ್ತಿನ ಗೆರೆಯೊಂದರ ಸುತ್ತ ಒಯ್ದು ಮರಳಿ ತಂದರೆ ಅದು ತನ್ನ ವಿರುದ್ಧ ಜಾತಿಯದಾಗಿ ಬಂದಿರುತ್ತದೆ. ಎರಡು ಕದಂಬಗಳು ಕೂಡಿದಾಗ ಅಳಿಯುವುವೋ ಇಮ್ಮಡಿಯಾಗುವುವೋ ಎಂಬುದು ಅವು ಬಂದ ದಾರಿಯನ್ನು ಅವಲಂಬಿಸುತ್ತದೆ.

ನಾನು ಇಷ್ಟಕ್ಕೇ ತೃಪ್ತನಾಗಿದ್ದೆ. ಕೆಲವು ವರ್ಷಗಳ ಹಿಂದೆ, ಗಣಿತವನ್ನು ಕೈಹಿಡಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದವನು, "ಸಾರ್, ನೀವು ಅರ್ಧ ಕಥೆ ಮಾತ್ರ ಹೇಳುತ್ತಿದ್ದೀರಿ. ಪ್ರಕೃತಿಯಲ್ಲಿ ಬಾಣಗಳು ಮನಸ್ಸಿಗೆ ಬಂದ ಹಾಗೆ ತಿರುಗುವುದಿಲ್ಲ. ಅವುಗಳ ಹಿಂದೆ ಒಂದು ಇಳಿಜಾರು ಇರುತ್ತದೆ" ಎಂದ. ದ್ರವಸ್ಫಟಿಕದಲ್ಲಿಯೂ ಹಾಗೆಯೇ. ಕಡ್ಡಿಗಳು ಹರಡಿದರೆ, ತಿರುಚಿದರೆ, ಬಾಗಿದರೆ ಎಷ್ಟೆಷ್ಟು ಶಕ್ತಿ ತಗಲುತ್ತದೆ ಎಂಬುದನ್ನು ಇಂಗ್ಲೆಂಡಿನ ಫ್ರ್ಯಾಂಕ್ 1958ರಲ್ಲಿ ಸೂತ್ರವಾಗಿ ಬರೆದ; ದ್ರವ ಆ ಶಕ್ತಿಯ ಇಳಿಜಾರಿನಲ್ಲಿ ಕೆಳಕ್ಕೆ ಜಾರುತ್ತ ನೆಲೆ ಹುಡುಕುತ್ತದೆ. ಇಲ್ಲಿ ಕಡ್ಡಿಗಳ ದಿಕ್ಕೇ ಇಳಿಜಾರಿನ ದಿಕ್ಕಲ್ಲ, ಎರಡನ್ನೂ ಬೆರೆಸಬಾರದು. ಆದರೆ ಅವನು ಎತ್ತಿದ ಪ್ರಶ್ನೆ ಶುದ್ಧ ಗಣಿತದ್ದು: ಪ್ರತಿಯೊಂದು ಬಾಣವೂ ಯಾವುದೋ ಎತ್ತರದ ಕಡಿದಾದ ಏರನ್ನೇ ತೋರಬೇಕು, ಮಾರ್ಪಡಿಸುವಾಗಲೂ ಈ ನಿಯಮ ಮುರಿಯಬಾರದು ಎಂದು ಕಟ್ಟು ಹಾಕಿದರೆ ಹಾಪ್ಫನ ಅಂಕಿ ಸಾಕೆ? ಸಾಕು ಎಂದು 1990ರಲ್ಲಿ ಪೋಲೆಂಡಿನ ಪರುಸಿನ್‌ಸ್ಕಿ ಸಾಧಿಸಿದ. ಸ್ವಚ್ಛಂದವಾಗಿ ಮಾರ್ಪಡಿಸಬಹುದಾದುದನ್ನು ಈ ಕಟ್ಟಿನೊಳಗೂ ಮಾರ್ಪಡಿಸಬಹುದು.

ಸಮಮಿತಿಯನ್ನೂ ಕಾಪಾಡಬೇಕೆಂದರೆ? ಇಲ್ಲಿ ಕಥೆ ತಿರುಗುತ್ತದೆ. ಹುಡುಗ ಒಳಗೆ ಹೋಗಿ ನಮ್ಮ ಮನೆಯ ಹಳೆಯ ಒರಳನ್ನು ತೋರಿಸಿ ಹೇಳಿದ ವಿವರಣೆಯನ್ನೇ ಒಪ್ಪಿಸುತ್ತೇನೆ. ಒರಳಿನ ದುಂಡನೆಯ ಅಂಚನ್ನು ನೋಡಿ. ಒಳಗೆ ಕುಳಿ, ಹೊರಗೆ ಇಳಿಜಾರು, ನೆತ್ತಿಯಲ್ಲಿ ವೃತ್ತಾಕಾರದ ಅಂಚು. ಆ ಅಂಚಿನ ಮೇಲೆ ಎಲ್ಲಿಯೂ ಏರಿಲ್ಲ, ಇಳಿತವಿಲ್ಲ. ಬಾಣದ ಉದ್ದ ಸೊನ್ನೆ. ಒರಳನ್ನು ಎಷ್ಟು ತಿರುಗಿಸಿದರೂ ಒಂದೇ ಆದ್ದರಿಂದ, ಒಂದು ಬಿಂದುವಿನಲ್ಲಿ ನಿಶ್ಚಲತೆ ಇದ್ದರೆ ಇಡೀ ವೃತ್ತದಲ್ಲಿ ನಿಶ್ಚಲತೆ. ಈ ನಿಶ್ಚಲ ವೃತ್ತವನ್ನು ಅಳಿಸಬಹುದೆ? ಬಾಣಗಳಿಗೆ ಇಳಿಜಾರಿನ ಕಟ್ಟಿಲ್ಲದಿದ್ದರೆ ಅದು ಸುಲಭ. ಅಂಚಿನ ಬಾಣಗಳನ್ನೆಲ್ಲ ಗಾಣದ ಎತ್ತಿನಂತೆ ಅಂಚಿನ ಗುಂಟವೇ ಹೊರಡಿಸಿಬಿಡಿ. ಸಮಮಿತಿ ಕೆಡಲಿಲ್ಲ, ನಿಶ್ಚಲ ಬಿಂದು ಒಂದೂ ಉಳಿಯಲಿಲ್ಲ. ಆದರೆ ಬಾಣಗಳು ಏರನ್ನೇ ತೋರಬೇಕೆಂದರೆ ಈ ಉಪಾಯ ನಡೆಯದು. ಹಾಗೆ ನಡೆದರೆ ಆ ಎತ್ತು ಸುತ್ತಿನುದ್ದಕ್ಕೂ ಹತ್ತುತ್ತಲೇ ಹೋಗಿ, ಹೊರಟ ಜಾಗಕ್ಕೇ ಬಂದು ಸೇರಬೇಕು. ಪ್ರದಕ್ಷಿಣೆಯ ಪೂರ್ತಿ ಏರಿಯೇ ಏರಿ, ಹೊರಟ ಮೆಟ್ಟಿಲಿಗೇ ಮರಳುವ ಗುಡಿಯನ್ನು ಯಾವ ಶಿಲ್ಪಿಯೂ ಕಟ್ಟಲಾರ. ಆದ್ದರಿಂದ ವೃತ್ತ ನಿಲ್ಲುತ್ತದೆ. ಹಳೆಯ ಲೆಕ್ಕದ ಕಣ್ಣಿಗೆ ಬೀಳದ ಸುಳಿಯೊಂದು ಹೊಸ ಲೆಕ್ಕದಲ್ಲಿ ಎದ್ದು ಕಾಣುತ್ತದೆ. ಇಂಥ ವೃತ್ತಗಳನ್ನು ಎಣಿಸುವ ಹೊಸ ಅಂಕಿಯನ್ನು ಆಸ್ಟ್ರೇಲಿಯದ ಡ್ಯಾನ್ಸರ್ 1985ರಲ್ಲಿ ಕೊಟ್ಟ. 2005ರಲ್ಲಿ ಅವನೇ ಪೋಲೆಂಡಿನ ಗೆಂಬಾ ಮತ್ತು ರಿಬಿಟ್ಸ್ಕಿ ಅವರೊಡನೆ ಸೇರಿ, ಸಮಮಿತಿಯನ್ನು ಕಾಪಾಡುವ ಇಂಥ ಇಳಿಜಾರು ಬಾಣಗಳ ಸಂಪೂರ್ಣ ವರ್ಗೀಕರಣವನ್ನು ಪ್ರಕಟಿಸಿದ. ಸ್ವಚ್ಛಂದವಾಗಿ ಎಳೆದಾಡುವವನಿಗೆ ಒಂದೇ ಎಂದು ತೋರುವ ಎರಡು ವಸ್ತುಗಳು, ಕಟ್ಟುಪಾಡಿನೊಳಗೆ ಮಾರ್ಪಡಿಸುವವನಿಗೆ ಬೇರೆಬೇರೆಯಾಗಿಯೇ ಉಳಿಯುತ್ತವೆ. ಛಂದಸ್ಸಿನ ಪಾಠ ಹೇಳಿದವನಿಗೆ ಇದು ತೀರ ಅಪರಿಚಿತವೆನಿಸಲಿಲ್ಲ. ಗದ್ಯದಲ್ಲಿ ಒಂದರ ಬದಲು ಇನ್ನೊಂದು ನಡೆದುಹೋಗುವ ಎರಡು ಮಾತುಗಳು ಕಂದಪದ್ಯದಲ್ಲಿ ಹಾಗೆ ನಡೆಯವು.

ಚಂದ್ರಶೇಖರ್ ಅವರು 2004ರ ಮಾರ್ಚ್ 8ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಕೇಂದ್ರಕ್ಕೆ 2014ರಲ್ಲಿ 'ನ್ಯಾನೊ ಮತ್ತು ಮೃದುದ್ರವ್ಯ ವಿಜ್ಞಾನಗಳ ಕೇಂದ್ರ' ಎಂಬರ್ಥದ ಹೊಸ ಹೆಸರು ಬಂತು. ಈಗ ಅದು ಜಾಲಹಳ್ಳಿಯನ್ನು ಬಿಟ್ಟು ದಾಸನಪುರ ಹೋಬಳಿಯ ಶಿವನಪುರಕ್ಕೆ ಹೋಗಿದೆ. ಜಾಲಹಳ್ಳಿಯಲ್ಲೇ 1961ರಿಂದ ಮುಳ್ಳಿನ ಗಡಿಯಾರ ಮಾಡುತ್ತಿದ್ದ ಎಚ್.ಎಂ.ಟಿ. ವಾಚ್ ಕಂಪನಿಯನ್ನು 2016ರಲ್ಲಿ ಮುಚ್ಚುವ ತೀರ್ಮಾನವಾಯಿತು. ಮುಳ್ಳುಗಳ ಎದುರಾಳಿಯಾಗಿ ಬಂದದ್ದು ದ್ರವಸ್ಫಟಿಕದ ಅಂಕಿಗಳ ಗಡಿಯಾರ. ಎರಡಕ್ಕೂ ಸಂಬಂಧಪಟ್ಟ ಬೇಲಿಗಳು ಕೆಲವು ಕಾಲ ಹತ್ತಿರಹತ್ತಿರವೇ ಇದ್ದವೆಂಬುದನ್ನು ಆ ರಸ್ತೆಯ ಬಸ್ಸಿನಲ್ಲಿ ದಿನವೂ ಓಡಾಡುತ್ತಿದ್ದ ನಾನು ಆಗ ಗಮನಿಸಿರಲಿಲ್ಲ.

ಆ 1996ರ ಹೊತ್ತಗೆಯ ಒಂದು ಪ್ರತಿ ಹೋದ ವರ್ಷ ಹಳೆಯ ಕಾಗದಗಳ ನಡುವೆ ಸಿಕ್ಕಿತು. ಓದಿದ ಮಕ್ಕಳು ಈಗ ನಲವತ್ತು ದಾಟಿದ್ದಾರೆ. ದ್ರವಸ್ಫಟಿಕ ಎಂದರೆ ದೋಷಗಳ ಗೂಡು ಎಂಬ ಎಣಿಕೆ ಅವರಲ್ಲಿ ಎಷ್ಟು ಮಂದಿಗೆ ಉಳಿದಿದೆಯೋ, ಅವರನ್ನು ಈಗ ಹುಡುಕಿ ತಿದ್ದುವಂತಿಲ್ಲ. ನನ್ನ ಪ್ರತಿಯಲ್ಲಿ ಮಾತ್ರ ಕೆಂಪು ಶಾಯಿಯಿಂದ 'ದೋಷ'ವನ್ನು ಹೊಡೆದು 'ಸುಳಿ' ಎಂದು ಬರೆಯುತ್ತ ಹೋದೆ. ಎರಡು ಕಡೆ ಕೈ ನಿಂತಿತು. ಅಲ್ಲಿ ಪ್ರಸ್ತಾಪವಿದ್ದದ್ದು ಗಡಿಯಾರದ ಫಲಕದ ತಯಾರಿಕೆ. ಅಣುಗಳ ಸಾಲು ಒಂದು ಕಡೆ ಎಡಕ್ಕೂ ಪಕ್ಕದಲ್ಲೇ ಬಲಕ್ಕೂ ತಿರುಚಿಕೊಂಡು, ನಡುವೆ ಗೆರೆಸುಳಿ ಎದ್ದು, ಫಲಕ ಕೆಡುವ ಮಾತು. ಆ ಎರಡನ್ನು 'ದೋಷ' ಎಂದೇ ಬಿಟ್ಟಿದ್ದ ಪ್ರತಿಯನ್ನು ಜಾಲಹಳ್ಳಿಯ ಪರಿಚಿತರಿಗೆ ಕಳುಹಿಸಿಕೊಟ್ಟೆ. ಮೂರನೆಯ ಕಡೆಯೂ ಒಂದಿದೆಯೆಂದು ಗುರುತು ಹಾಕಿ ಅವರು ಹಿಂದಿರುಗಿಸಿದ್ದಾರೆ.